ಕಪ್ಪು ಚಾದರ, ಎಂಟಡಿ ಪರದೆ: ದಾವಣಗೆರೆಯ ಬಾಡಿಗೆ ಪ್ರೊಜೆಕ್ಟರ್‌ನಲ್ಲಿ ನಾಲ್ಕು ಇರಾನಿ ಚಿತ್ರ

ಮದುವೆ ರಿಸೆಪ್ಷನ್ನು, ಕ್ರಿಕೆಟ್ ಫೈನಲ್ಲು, ಶಾಲಾ ವಾರ್ಷಿಕೋತ್ಸವ. ದಾವಣಗೆರೆಯಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರ ವ್ಯಾಪಾರ ನಡೆಯುವುದು ಈ ಮೂರರಿಂದ. ಅವರ ಸಾಮಾನೂ ಕೈಯೂ ಈ ಮೂರಕ್ಕೇ ಪಳಗಿವೆ. ಅದೇ ಸಾಮಾನು ತರಿಸಿ, ಹೆಂಗಸರ ದಿನನಿತ್ಯದ ಬದುಕನ್ನು ಸದ್ದುಗದ್ದಲವಿಲ್ಲದೆ ತೋರಿಸುವ ಇರಾನಿ ಚಿತ್ರಗಳನ್ನು ಹಾಕಿದರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದರ ವಿಮರ್ಶೆ ಇದು. ಅಂಗಡಿಯ ಹೆಸರು ಬೇಡ. ಇಂಥ ಸೆಟ್ಟು ಎಲ್ಲಿಂದ ತಂದರೂ ತೊಂದರೆಗಳು ಹೆಚ್ಚುಕಮ್ಮಿ ಇವೇ.

ಬಾಡಿಗೆ ಅರ್ಧ ದಿನಕ್ಕೆ 3,000 ರೂಪಾಯಿ, ಊರೊಳಗೆ ಸಾಗಾಟಕ್ಕೆ 300. ಆ ದುಡ್ಡಿಗೆ ಬರುವುದು 3,500 ಲುಮೆನ್ಸ್‌ನ (ಲುಮೆನ್ಸ್ ಎಂದರೆ ಬೆಳಕಿನ ಅಳತೆ) ಹಳೆಯ ಆಫೀಸು ಮಾದರಿ ಪ್ರೊಜೆಕ್ಟರ್, 8×6 ಅಡಿಯ ಸ್ಟ್ಯಾಂಡ್ ಪರದೆ, 12 ಇಂಚಿನ ಎರಡು ಸ್ಪೀಕರ್, ಸದ್ದು ಹದ ಮಾಡುವ ಒಂದು ಮಿಕ್ಸರ್, ಜೊತೆಗೆ ಆಪರೇಟರ್ ಹುಡುಗನೊಬ್ಬ. ವಿದ್ಯಾನಗರದ ಕಡೆಯ ಒಂದು ಸಣ್ಣ ಸಮುದಾಯ ಭವನದಲ್ಲಿ, ಮಹಿಳಾ ಸಂಘದ ನಲವತ್ತು ಕುರ್ಚಿಗಳ ಮುಂದೆ, ನಾಲ್ಕು ಶನಿವಾರದ ಮಧ್ಯಾಹ್ನ ನಾಲ್ಕು ಚಿತ್ರ: ಸಮೀರಾ ಮಖ್ಮಲ್‌ಬಾಫ್ ಅವರ ‘ದಿ ಆಪಲ್’ (1998), ಮರ್ಝಿಯೆ ಮೆಶ್ಕಿನಿ ಅವರ ‘ದಿ ಡೇ ಐ ಬಿಕೇಮ್ ಎ ವುಮನ್’ (2000), ಅಬ್ಬಾಸ್ ಕಿಯರೋಸ್ತಮಿ ಅವರ ‘ಟೆನ್’ (2002), ರಖ್ಷಾನ್ ಬನಿ-ಎತೆಮಾದ್ ಅವರ ‘ಅಂಡರ್ ದ ಸ್ಕಿನ್ ಆಫ್ ದ ಸಿಟಿ’ (2001). ಕೊನೆಯದನ್ನು ಉಳಿದವುಗಳ ಹಾಗೆ ಮಿನಿಮಲಿಸ್ಟ್, ಅಂದರೆ ತೀರಾ ಕಮ್ಮಿಯಲ್ಲಿ ಕಟ್ಟಿದ ಚಿತ್ರ ಎನ್ನುವುದು ಕಷ್ಟ, ಅದರಲ್ಲಿ ಕಥೆ ಜಾಸ್ತಿ. ಆದರೂ ಅದರ ನಾಯಕಿ ತೂಬಾ ಟೆಹರಾನಿನ ಬಟ್ಟೆ ಮಿಲ್ಲಿನ ಕೆಲಸಗಾರ್ತಿ. ಹತ್ತಿಗಿರಣಿಗಳ ಸೈರನ್ನಿಗೆ ಎದ್ದು ಮಲಗಿದ ಊರಿನಲ್ಲಿ ಅದನ್ನು ಬಿಡಲಾಗದು.

ಸೇವೆಯ ಗುಣದೋಷಕ್ಕೆ ಮೊದಲು ಈ ಚಿತ್ರಗಳ ಒಂದು ಗುಣ ಗೊತ್ತಿರಬೇಕು. 1979ರ ಕ್ರಾಂತಿಯ ನಂತರ ಇರಾನಿನ ಪರದೆಯ ಮೇಲೆ ಹೆಣ್ಣು ತಲೆಗೂದಲು ತೋರಿಸುವಂತಿಲ್ಲ. ಕಥೆಯಲ್ಲಿ ಅವಳು ತನ್ನದೇ ಅಡುಗೆಮನೆಯಲ್ಲಿ, ಸ್ವಂತ ಗಂಡನ ಎದುರು ಇದ್ದರೂ ಸರಿ, ಕ್ಯಾಮೆರಾ ಇದೆಯಲ್ಲ, ತಲೆ ಮುಚ್ಚಿರಬೇಕು. ನಟ ನಟಿ ನಿಜಜೀವನದಲ್ಲಿ ಸಂಬಂಧಿಗಳಲ್ಲದಿದ್ದರೆ ಕೈ ಕೂಡ ಮುಟ್ಟುವಂತಿಲ್ಲ. ಮನೆಯ ಒಳಗನ್ನು ಇದ್ದ ಹಾಗೆ ತೋರಿಸಲಾಗದ ಮೇಲೆ ನಿರ್ದೇಶಕರು ಏನು ಮಾಡಿದರು? ಕಥೆಯನ್ನು ಕಾರಿಗೆ, ಹೊಸ್ತಿಲಿಗೆ, ಬೀದಿಗೆ, ಸಮುದ್ರದ ದಂಡೆಗೆ ತಂದರು. ಮುಖ್ಯವಾದದ್ದನ್ನು ಚೌಕಟ್ಟಿನ ಆಚೆ ಇಟ್ಟು ಸದ್ದಿನಲ್ಲಿ ಹೇಳಿದರು. ಹೀಗಾಗಿ ಪರದೆಯ ಅಂಚು ನಾಲ್ಕು ಇಂಚು ಕತ್ತರಿಸಿ ಹೋದರೆ, ಮಾತು ಗುಡುಗಿನಲ್ಲಿ ಮುಳುಗಿದರೆ, ಬೇರೆ ಸಿನಿಮಾದಲ್ಲಿ ಅಲಂಕಾರವಷ್ಟೇ ಹೋಗುತ್ತಿತ್ತು. ಇಲ್ಲಿ ಕಥೆಯೇ ಹೋಗುತ್ತದೆ. ಅಂದಹಾಗೆ, ‘ಒಬ್ಬಳೇ ಇದ್ದಾಗಲೂ ಯಾಕವ್ವ ತಲೆಮೇಲೆ ಬಟ್ಟೆ?’ ಎಂಬ ಪ್ರಶ್ನೆ ಮೊದಲ ಹತ್ತು ನಿಮಿಷದಲ್ಲೇ ಏಳುತ್ತದೆ. ಚಿತ್ರ ಶುರುವಾಗುವ ಮುನ್ನ ಎರಡು ನಿಮಿಷ ಇಷ್ಟನ್ನು ಹೇಳಿಬಿಟ್ಟರೆ ನಡುವೆ ಗುಸುಗುಸು ಇರುವುದಿಲ್ಲ.

ಮೊದಲು ಚೌಕಟ್ಟು. ಅಂಗಡಿಯವರ ಪರದೆ 4:3 ಅಳತೆಯದು. ಅಗಲಚಿತ್ರ ಅದರ ಮೇಲೆ ಪೂರ್ತಿ ತುಂಬುವುದಿಲ್ಲ. 16:9 ಆದರೆ 8 ಅಡಿ ಅಗಲಕ್ಕೆ ನಾಲ್ಕೂವರೆ ಅಡಿ ಎತ್ತರ ಬರುತ್ತದೆ, ಮೇಲೆ ಕೆಳಗೆ ಒಂಬತ್ತೊಂಬತ್ತು ಇಂಚು ಕಪ್ಪು ಪಟ್ಟಿ ಉಳಿಯುತ್ತದೆ. ಜೊತೆಗೆ ಬರುವ ಹುಡುಗನಿಗೆ ಆ ಪಟ್ಟಿ ಕಂಡರೆ ಆಗದು. ಪರದೆ ಖಾಲಿ ಬಿಟ್ಟರೆ ಗಿರಾಕಿ ಬೈತಾರೆ ಎಂಬುದು ಅವನ ಅನುಭವ, ಮದುವೆಮನೆಯಲ್ಲಿ ಅದು ನಿಜವೂ ಹೌದು. ಹಾಗಾಗಿ ಕೇಳದೆಯೇ ಮೆನುವಿನಲ್ಲಿ ‘ಫುಲ್’ ಒತ್ತುತ್ತಾನೆ: ಮುಖಗಳು ಉದ್ದುದ್ದ ಆಗುತ್ತವೆ. ‘ಝೂಮ್’ ಒತ್ತಿದರೆ ಎರಡು ಪಕ್ಕ ಹೋಗುತ್ತವೆ. ‘ದಿ ಆಪಲ್’ನ ಮೊದಲಲ್ಲೇ, ಕಂಬಿಯ ಹಿಂದಿನಿಂದ ಒಂದು ಪುಟ್ಟ ಕೈ ಹೊರಗೆ ಚಾಚಿ ಗಿಡಕ್ಕೆ ನೀರು ಹಾಕಲು ನೋಡುತ್ತದೆ. ಕೈಗೂ ಗಿಡಕ್ಕೂ ನಡುವಿನ ಆ ದೂರವೇ ಚಿತ್ರ. ಅದನ್ನು ಹಿಗ್ಗಿಸಬಾರದು, ಕುಗ್ಗಿಸಬಾರದು. ಆಸ್ಪೆಕ್ಟ್ (ಅಗಲ-ಎತ್ತರದ ಅಳತೆ) ‘ಆಟೊ’ದಲ್ಲಿರಲಿ, ಲ್ಯಾಪ್‌ಟಾಪಿನ ಓವರ್‌ಸ್ಕ್ಯಾನ್ (ಅಂಚು ಕತ್ತರಿಸುವ ಸೆಟ್ಟಿಂಗು) ಸೊನ್ನೆಯಲ್ಲಿರಲಿ. ಒಮ್ಮೆ ಹೇಳಿದ ಮೇಲೆ ಹುಡುಗ ಮತ್ತೆ ತಪ್ಪಲಿಲ್ಲ, ಅದು ಅವನ ಹೆಚ್ಚುಗಾರಿಕೆ.

ಇನ್ನೊಂದು ದುರಭ್ಯಾಸ ಕೀಸ್ಟೋನ್. ಪ್ರೊಜೆಕ್ಟರನ್ನು ಗಿಡ್ಡ ಸ್ಟೂಲಿನ ಮೇಲಿಟ್ಟು, ಮೂತಿ ಮೇಲಕ್ಕೆತ್ತಿ, ಸೊಟ್ಟಗಾದ ಚಿತ್ರವನ್ನು ಬಟನ್ನಿನಲ್ಲಿ ನೇರ ಮಾಡುವುದು. ಈ ಯಂತ್ರದ ಗಾಜಿನಲ್ಲಿರುವುದೇ 1024×768 ಚುಕ್ಕೆ. ಅಗಲಚಿತ್ರಕ್ಕೆ ಅದರಲ್ಲಿ ಸಿಗುವುದು 1024×576. ಕೀಸ್ಟೋನ್ ಅದರಲ್ಲೂ ಪಾಲು ಕೇಳುತ್ತದೆ, ಮೊದಲು ಹಾಳಾಗುವುದು ಕನ್ನಡದ ಒತ್ತಕ್ಷರ. ಲೆನ್ಸು ಪರದೆಯ ಕೆಳಅಂಚಿನ ಮಟ್ಟಕ್ಕೆ ಬರುವಂಥ ಎತ್ತರದ ಮೇಜು ಕೇಳಿ ಇರಿಸಿಕೊಂಡರೆ ಕೀಸ್ಟೋನ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಪರದೆಯಿಂದ ದೂರ 12ರಿಂದ 14 ಅಡಿ. ಅಷ್ಟು ಜಾಗ ಕುರ್ಚಿಗಳ ನಡುವೆ ಬಿಡಬೇಕು, ವೈರಿನ ಮೇಲೆ ಟೇಪು ಹಚ್ಚಬೇಕು.

ಬೆಳಕಿನ ವಿಷಯದಲ್ಲಿ 3,500 ಲುಮೆನ್ಸ್ ಸಾಕು. ತಕರಾರು ಕತ್ತಲೆಯದ್ದು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎಸೆಯಲು ಬರುವುದಿಲ್ಲ. ಪರದೆಯ ಮೇಲೆ ಬೆಳಕು ಬೀಳದ ಜಾಗವೇ ಅದರ ಕಪ್ಪು, ಕಿಟಕಿಯಿಂದ ಬಿಸಿಲು ಬಂದರೆ ಆ ಕಪ್ಪು ಬೂದಿ. ಮೆಶ್ಕಿನಿ ಚಿತ್ರದ ಎರಡನೆಯ ಕಥೆಯಲ್ಲಿ ಕಪ್ಪು ಚಾದರದ, ಅಂದರೆ ತಲೆಯಿಂದ ಕಾಲಿನ ತನಕ ಮುಸುಕು ಹೊದ್ದ ಹೆಂಗಸರು ಇರಾನಿನ ಕೀಶ್ ದ್ವೀಪದ ಕಡಲಂಚಿನಲ್ಲಿ ಸೈಕಲ್ ರೇಸು ಹೊಡೆಯುತ್ತಾರೆ. ಅವರಲ್ಲೊಬ್ಬಳು ಆಹೂ. ಗಂಡ ಕುದುರೆ ಏರಿ ಪಕ್ಕಕ್ಕೆ ಬಂದು ಇಳಿ ಎನ್ನುತ್ತಾನೆ, ಆಮೇಲೆ ಮುಲ್ಲಾನನ್ನು ಕರೆತರುತ್ತಾನೆ, ಆಮೇಲೆ ಬುಡಕಟ್ಟಿನ ಹಿರಿಯರು, ಅಣ್ಣತಮ್ಮಂದಿರು. ಅವಳು ತುಳಿಯುತ್ತಲೇ ಇರುತ್ತಾಳೆ. ಒಂದೇ ಥರದ ಕಪ್ಪು ಬಟ್ಟೆಯ ಇಷ್ಟೊಂದು ಹೆಂಗಸರ ನಡುವೆ ಆಹೂ ಯಾರು ಎಂದು ಗುರುತಿಸುವುದು ಗಾಳಿಗೆ ಹಾರುವ ಮಡಿಕೆಗಳಿಂದ, ಬಗ್ಗಿದ ಬೆನ್ನಿನಿಂದ. ಬೂದಿ ಕಪ್ಪಿನಲ್ಲಿ ಎಲ್ಲರೂ ಒಂದೇ ಮಚ್ಚೆ. ಚಾದರದ ಮಡಿಕೆ ಕಂಡರೆ ಹಾಲ್ ಸಾಕಷ್ಟು ಕತ್ತಲಾಗಿದೆ ಎಂದು ಲೆಕ್ಕ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಅಂಗಡಿಯವರು ಕತ್ತಲೆಯ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಶಾಮಿಯಾನದವರಿಂದ ದಪ್ಪ ಸೈಡ್‌ವಾಲ್ ಬಟ್ಟೆ ತಂದು ಪಶ್ಚಿಮದ ಕಿಟಕಿಗಳಿಗೆ ಎರಡು ಪದರ ಕಟ್ಟಬೇಕು, ಮಧ್ಯಾಹ್ನದ ಬಿಸಿಲು ಬರುವುದು ಅಲ್ಲಿಂದ. ಪಿಕ್ಚರ್ ಮೋಡನ್ನು ‘ಡೈನಾಮಿಕ್’ನಿಂದ ‘ಸಿನಿಮಾ’ಕ್ಕೆ ತರಿಸಿ. ಡೈನಾಮಿಕ್‌ನಲ್ಲಿ ಬೆಳಕು ಜಾಸ್ತಿ ಕಂಡರೂ ಬಿಳಿಯೆಲ್ಲ ಹಸಿರು ಹೊಡೆಯುತ್ತದೆ, ಕೀಶ್‌ನ ಮರಳು ಸುಣ್ಣ ಬಳಿದಂತಾಗುತ್ತದೆ.

ಸದ್ದು ಈ ಸೇವೆಯ ಅತಿ ದುರ್ಬಲ ಭಾಗ. ಆರ್ಕೆಸ್ಟ್ರಾದ ಸ್ಪೀಕರು, ಮಿಕ್ಸರಿನ ಬಾಸ್ ಗುಂಡಿ ಯಾವಾಗಲೂ ಬಲಕ್ಕೆ ತಿರುಗಿಯೇ ಇರುತ್ತದೆ. ‘ಟೆನ್’ ಶುರುವಾದಾಗ ಪರದೆಯ ಮೇಲೆ ಕಾಣುವುದು ಕಾರಿನ ಮುಂದಿನ ಸೀಟಿನಲ್ಲಿ ಕುಳಿತ ಒಬ್ಬ ಹುಡುಗ ಮಾತ್ರ. ಅಮ್ಮನ ಜೊತೆ ಜಗಳ. ಅವಳು ಅವನ ಅಪ್ಪನನ್ನು ಬಿಟ್ಟು ಮರುಮದುವೆಯಾಗಿದ್ದಾಳೆ, ಅವನಿಗದು ಸಹಿಸದು. ಸುಮಾರು ಕಾಲು ಗಂಟೆ ಅಮ್ಮ ಬರೀ ದನಿ. ಹುಡುಗ ಇಳಿದು ಹೋದ ಮೇಲೆಯೇ ಕ್ಯಾಮೆರಾ ಅವಳ ಮುಖ ತೋರಿಸುತ್ತದೆ. ಬಾಸ್ ಜಾಸ್ತಿಯಾದರೆ ಆ ಕಾಲು ಗಂಟೆ ಕಾರಿನ ಗುರ್‌ಗುರ್ ಆಗುತ್ತದೆ, ಅಮ್ಮ ಮಾಯ. ಬಾಸನ್ನು ಮಧ್ಯಕ್ಕಿಂತ ಎಡಕ್ಕೆ ತನ್ನಿ, ಮಿಡ್ ಒಂದೆರಡು ಗೆರೆ ಏರಿಸಿ, ಎಕೊ ಪೂರ್ತಿ ತೆಗೆಸಿ. ಎಕೊ ಆನ್ ಇದೆ ಎಂಬುದು ಆಪರೇಟರಿಗೂ ನೆನಪಿರಲಿಲ್ಲ. ಹಿಂದಿನ ದಿನ ಯಾರದೋ ಸಂಗೀತ ಸಂಜೆ ಇತ್ತಂತೆ.

ಅದೇ ಚಿತ್ರದ ಇನ್ನೊಂದು ಭಾಗದಲ್ಲಿ ರಾತ್ರಿ ಹೊತ್ತು ಒಬ್ಬ ಲೈಂಗಿಕ ಕಾರ್ಯಕರ್ತೆ ಕಾರು ಹತ್ತುತ್ತಾಳೆ. ಅವಳ ಮುಖ ಚಿತ್ರದಲ್ಲಿಲ್ಲ. ನಗು, ಕುಹಕ, ಒಂದೆರಡು ಬಿರುಸು ಮಾತು ಮಾತ್ರ. ನಾವು ನೋಡುವುದು ಕೇಳಿಸಿಕೊಳ್ಳುತ್ತಿರುವ ಚಾಲಕಿಯನ್ನು. ಇಲ್ಲಿ ಆಪರೇಟರ್ ಎದ್ದು ಬಂದು, ‘ಅಕ್ಕಾರೆ, ಪಿಚ್ಚರ್ ಸಿಕ್ಕಾಕ್ಕೊಂಡೈತೇನ್ರಿ, ಒಬ್ರೇ ಕಾಣ್ತಾರಲ್ಲ’ ಎಂದು ಕೇಳಿದ್ದುಂಟು. ತಪ್ಪು ತಿಳಿಯಬೇಕಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಣ್ಣ ಡಿಜಿಟಲ್ ಕ್ಯಾಮೆರಾ, ಹತ್ತರಿಂದ ಒಂದಕ್ಕೆ ಇಳಿಯುವ ಹತ್ತು ಪ್ರಯಾಣ, ನಿರ್ದೇಶಕ ಇಲ್ಲವೇ ಇಲ್ಲವೇನೋ ಎಂಬಂಥ ಸರಳತೆ: ಯಂತ್ರ ಕೆಟ್ಟಿದೆ ಅನ್ನಿಸುವುದು ಸಹಜ. ಕೊನೆಯ ಕಡೆ ಬರುವ ಪ್ರಯಾಣದಲ್ಲಿ, ಪ್ರೀತಿಸಿದವನು ಬಿಟ್ಟುಹೋದ ಗೆಳತಿಯ ಮುಸುಕು ಜಾರುತ್ತದೆ, ಒಳಗೆ ಬೋಳಿಸಿದ ತಲೆ. ಕೂದಲು ತೋರಿಸಬಾರದೆಂಬ ನಿಯಮದ ಎದುರು ಕೂದಲೇ ಇಲ್ಲದ ತಲೆ. ಹಾಲಿನಲ್ಲಿ ಉಸಿರು ಕೂಡ ಕೇಳುತ್ತಿತ್ತು. ದುರದೃಷ್ಟವೆಂದರೆ ಅದರ ಜೊತೆ ಪ್ರೊಜೆಕ್ಟರ್ ಫ್ಯಾನೂ ಕೇಳುತ್ತಿತ್ತು. ಲ್ಯಾಂಪನ್ನು ‘ಇಕೊ’ಗೆ (ಕಮ್ಮಿ ಕರೆಂಟಿನ ಮೋಡಿಗೆ) ಹಾಕಿದರೆ ಬೆಳಕು ಸ್ವಲ್ಪ ತಗ್ಗಿದರೂ ಫ್ಯಾನ್ ಗಮನಾರ್ಹವಾಗಿ ಇಳಿಯುತ್ತದೆ. ‘ಟೆನ್’ನಂಥ ಚಿತ್ರಕ್ಕೆ ಅದೇ ಸರಿ, ಕಡಲತೀರದ ಚಿತ್ರಕ್ಕೆ ಬೇಡ.

ಸದ್ದಿನ ತಂತಿ ಕೆಲಸದಲ್ಲಿ ಮೂರು ಕಡೆ ಎಡವುತ್ತಾರೆ. ಲ್ಯಾಪ್‌ಟಾಪಿನಿಂದ ಬರುವ ಎರಡು ಪಿನ್ನಿನಲ್ಲಿ ಎಡದ್ದನ್ನು ಮಾತ್ರ ಮಿಕ್ಸರಿಗೆ ಚುಚ್ಚಿದರೆ ಬಲಗಡೆಯ ಸದ್ದು ಪೂರ್ತಿ ಹೋಯಿತು. 5.1 (ಆರು ಚಾನೆಲ್ಲಿನ) ಸದ್ದಿನ ಫೈಲನ್ನು ಎರಡು ಚಾನೆಲ್ಲಿಗೆ ಸರಿಯಾಗಿ ಇಳಿಸದಿದ್ದರೆ ನಡುವಿನ ಚಾನೆಲ್ಲಿನಲ್ಲಿರುವ ಮಾತು ಕ್ಷೀಣಿಸಿ ಬೀದಿಯ ಸದ್ದು ಮಾತ್ರ ಕೇಳುತ್ತದೆ. ಪ್ಲೇಯರಿನಲ್ಲಿ ಆಡಿಯೊವನ್ನು ಸ್ಟೀರಿಯೊ ಎಂದು ಆಯ್ಕೆ ಮಾಡಬೇಕು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದರೆ ‘ಗುಂಯ್’ ಎಂಬ ಹಮ್ ಏಳುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ಅಥವಾ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಮದುವೆ ಹಾಡಿನಲ್ಲಿ ಈ ಹಮ್ ಯಾರ ಕಿವಿಗೂ ಬೀಳುವುದಿಲ್ಲ. ಈ ಸೆಟ್ಟಿನಲ್ಲಿ ಕಿಯರೋಸ್ತಮಿಯ ‘ಶಿರಿನ್’ (2008) ಹಾಕುವ ಆಸೆ ಇರುವವರು ಬಿಟ್ಟುಬಿಡುವುದು ಒಳ್ಳೆಯದು. ನೂರಕ್ಕೂ ಹೆಚ್ಚು ನಟಿಯರು ಸಿನಿಮಾ ನೋಡುತ್ತಾ ಕುಳಿತ ಮುಖಗಳಷ್ಟೇ ಅದರಲ್ಲಿವೆ, ಅವರು ನೋಡುವ ಸಿನಿಮಾ ನಮಗೆ ಸದ್ದಾಗಿ ಮಾತ್ರ ಸಿಗುತ್ತದೆ. ಜಾಫರ್ ಪನಾಹಿಯ ‘ಆಫ್‌ಸೈಡ್’ (2006) ನಡೆದೀತು. ಸ್ಟೇಡಿಯಮ್ಮಿನಲ್ಲಿ ತಡೆಹಿಡಿದ ಹುಡುಗಿಯರಿಗೆ ಪಂದ್ಯ ಕಾಣದೆ ಗದ್ದಲ ಮಾತ್ರ ಕೇಳುವುದು ಅದರ ತಿರುಳು. ಗದ್ದಲದ ವಿಷಯದಲ್ಲಿ ಈ ಸ್ಪೀಕರುಗಳು ಹಿಂದೆ ಬೀಳುವುದಿಲ್ಲ.

ಕನ್ನಡ ಸಬ್‌ಟೈಟಲ್ ಅಂಗಡಿಯವರ ಪಟ್ಟಿಯಲ್ಲಿಲ್ಲ, ಗಿರಾಕಿಯೇ ಮಾಡಿಸಿಕೊಳ್ಳಬೇಕು. ಇಲ್ಲಿ ಊರಿನ ಡಿಟಿಪಿ ಅಂಗಡಿಗಳ ಒಂದು ಹಳೆಯ ಚಾಳಿ ಕಾಟ ಕೊಡುತ್ತದೆ: ‘ನುಡಿ’ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಕೊಡುತ್ತಾರೆ. ಅದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಸವಾಗಿ ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ, ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಹೆಸರು ಚಿತ್ರದ ಫೈಲಿನದೇ ಇರಲಿ. ಅಂಗಡಿಯವರ ಮೀಡಿಯಾ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ, ‘ಅಮ್ಮ’ ಎಂಬುದು ‘ಅಮ್‌ಮ’ ಆಗಿ ಕಾಣುತ್ತದೆ. ಲ್ಯಾಪ್‌ಟಾಪಿನಿಂದಲೇ ಓಡಿಸಿ. ಎಂಪಿವಿ ಪ್ಲೇಯರಿನಲ್ಲಾದರೆ ಅಕ್ಷರ ತಾನಾಗಿ ಕೆಳಗಿನ ಕಪ್ಪು ಪಟ್ಟಿಗೆ ಇಳಿಯುತ್ತದೆ. ಆ ಒಂಬತ್ತು ಇಂಚಿನಲ್ಲಿ ನಾಲ್ಕು ನಾಲ್ಕು ಇಂಚಿನ ಎರಡು ಸಾಲು ಸರಿಯಾಗಿ ಕೂರುತ್ತವೆ, ಚಿತ್ರದ ಮೇಲೆ ಒಂದಕ್ಷರವೂ ಬೀಳುವುದಿಲ್ಲ. ಹುಡುಗ ಬೇಡವೆಂದ ಪಟ್ಟಿಯ ಪ್ರಯೋಜನ ಅಲ್ಲಿ ಗೊತ್ತಾಗುತ್ತದೆ.

ಇಂಗ್ಲಿಷಿನಿಂದ ಅನುವಾದ ಮಾಡಿದ ಫೈಲು ಬೇರೆ ವೇಗದ ಪ್ರತಿಗೆ ಸೇರಿದ್ದರೆ, ಅಂದರೆ ಅದು ಸೆಕೆಂಡಿಗೆ 25 ಫ್ರೇಮಿನದು, ನಿಮ್ಮ ಚಿತ್ರ 24ರದ್ದು ಎಂದಾದರೆ, ಮೊದಲ ಮಾತು ಸರಿಯಾಗಿ ಬಂದರೂ ತೊಂಬತ್ತು ನಿಮಿಷದ ಕೊನೆಗೆ ಮೂರೂವರೆ ನಿಮಿಷದ ಮೇಲೆ ತಪ್ಪಿರುತ್ತದೆ. ಇದನ್ನು ಹಿಂದೆ ಮುಂದೆ ಸರಿಸುವ ಗುಂಡಿಯಿಂದ ಸರಿಪಡಿಸಲಾಗದು. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಫ್ರೇಮ್‌ರೇಟ್ ಬದಲಿಸಿ ಉಳಿಸಬೇಕು. ಪರೀಕ್ಷೆ ಸುಲಭ: ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ನೋಡಿ.

ಅನುವಾದದಲ್ಲಿ ಒಂದು ಪದ ನಗೆಪಾಟಲು ಮಾಡಿತು. ‘ದಿ ಡೇ ಐ ಬಿಕೇಮ್ ಎ ವುಮನ್’ನ ಮೊದಲ ಕಥೆಯ ಹವಾಗೆ ಅಂದು ಒಂಬತ್ತು ತುಂಬುತ್ತದೆ. ಮಧ್ಯಾಹ್ನದಿಂದ ಅವಳು ಚಾದರ ಹೊದೆಯಬೇಕು, ಗೆಳೆಯ ಹಸನ್ ಜೊತೆ ಆಡಬಾರದು. ಮರಳಿನಲ್ಲಿ ನೆಟ್ಟ ಕಡ್ಡಿಯ ನೆರಳು ಇಲ್ಲವಾಗುವ ತನಕ ಮಾತ್ರ ಬಿಡುವು. ಸಬ್‌ಟೈಟಲಿನಲ್ಲಿ ‘ಚಾದರ ಹೊದ್ದುಕೋ’ ಎಂದು ಬಂದಾಗ ಹಾಲಿನಲ್ಲಿ ನಗು. ನಮ್ಮಲ್ಲಿ ಚಾದರ ಹೊದೆಯುವುದು ಮಲಗಲಿಕ್ಕೆ. ಪದ ಪರ್ಷಿಯನ್ನಿನಿಂದ ಬಂದದ್ದೇ, ಇಲ್ಲಿಗೆ ಬಂದು ಹಾಸಿಗೆ ಸೇರಿದೆ. ‘ಮುಸುಕು’ ಎಂದು ಬದಲಿಸಿದ ಮೇಲೆ ಸರಿಹೋಯಿತು. ‘ಟೆನ್’ನ ಹುಡುಗ ‘ಮಾಮಾನ್’ ಎಂದು ಕೂಗುವುದು ಅಮ್ಮನನ್ನು. ಸೋದರಮಾವನನ್ನಲ್ಲ ಎಂದು ಮೊದಲೇ ಹೇಳಿಡಿ. ಉರ್ದು ಮನೆಮಾತಿನವರು ‘ಜಿಂದಗಿ’, ‘ದೋಸ್ತ್’ನಂಥ ಪದಗಳನ್ನು ಕಿವಿಯಲ್ಲೇ ಹಿಡಿಯುತ್ತಾರೆ, ಪಕ್ಕದವರಿಗೆ ಹೇಳಿಯೂ ಹೇಳುತ್ತಾರೆ. ಅಷ್ಟು ಮಾತು ಇರಲಿ ಬಿಡಿ.

ಹೊತ್ತಿನ ವಿಷಯ. ಮಧ್ಯಾಹ್ನದ ಊಟ, ಪಾತ್ರೆ ಮುಗಿಸಿ ಹೆಂಗಸರು ಬರುವುದು ಎರಡಕ್ಕೆ. ನಾಲ್ಕರ ಹೊತ್ತಿಗೆ ಮಕ್ಕಳು, ನಲ್ಲಿ ನೀರು. ಕೈಗೆ ಸಿಗುವುದು ಎರಡು ಗಂಟೆ, ಹವಾಳ ಕಡ್ಡಿಯ ನೆರಳಿಗಿಂತ ಹೆಚ್ಚೇನಲ್ಲ. 78 ನಿಮಿಷದ ಮೆಶ್ಕಿನಿ ಚಿತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು ಬಿಡಿ ಕಥೆಗಳಿರುವುದರಿಂದ ಎರಡನೆಯದರ ನಂತರ ಚಹಾಕ್ಕೆ ನಿಲ್ಲಿಸಬಹುದು. ಮೂರನೆಯ ಕಥೆಯ ಮುದುಕಿ ಹೂರಾ, ಜೀವಮಾನದಲ್ಲಿ ಕೊಳ್ಳಲಾಗದ್ದನ್ನೆಲ್ಲ ಕೊಳ್ಳಲು ಬಂದವಳು, ನೆನಪಿಗೆಂದು ಬೆರಳಿಗೊಂದೊಂದು ದಾರ ಕಟ್ಟಿಕೊಂಡಿರುತ್ತಾಳೆ. ಫ್ರಿಜ್ಜು, ಸ್ನಾನದ ತೊಟ್ಟಿ ಎಲ್ಲ ಮರಳಿನ ಮೇಲೆ ಸಂಸಾರ ಹೂಡುತ್ತವೆ. ನಾಲ್ಕು ವಾರದಲ್ಲಿ ಅತಿ ಹೆಚ್ಚು ಮಾತು ಹುಟ್ಟಿಸಿದ್ದು ಆ ಬೆರಳುಗಳು. ‘ಟೆನ್’ನಲ್ಲಿ ಅಂಕೆ ಬದಲಾಗುವ ಕಡೆ ನಿಲ್ಲಿಸಿ, ಐದರ ನಂತರ ಸರಿ. ಬನಿ-ಎತೆಮಾದ್ ಚಿತ್ರವನ್ನು ನಡುವೆ ಕಡಿಯಬೇಡಿ. ತೂಬಾಳ ಮನೆ ಕೈತಪ್ಪಿ ಹೋಗುವ ಒತ್ತಡ ಚಹಾ ಜೊತೆ ಆರಿಹೋಗುತ್ತದೆ. ಆ ಚಿತ್ರದ ಕೊನೆಗೆ ಚುನಾವಣೆಯ ಕ್ಯಾಮೆರಾದವರ ಮುಂದೆ ತೂಬಾ, ಈ ಫಿಲಮ್ಮುಗಳನ್ನೆಲ್ಲ ನೀವು ಯಾರಿಗೆ ತೋರಿಸುತ್ತೀರಿ ಎಂಬರ್ಥದ ಪ್ರಶ್ನೆ ಕೇಳುತ್ತಾಳೆ. ಆಪರೇಟರ್ ಅಷ್ಟರಲ್ಲೇ ಟ್ಯೂಬ್‌ಲೈಟ್ ಹಾಕಿಬಿಟ್ಟ. ಹೆಸರುಗಳು ಓಡಿ ಮುಗಿಯುವವರೆಗೆ ಸ್ವಿಚ್ಚಿನ ಹತ್ತಿರ ಸಂಘದವರೇ ಒಬ್ಬರು ನಿಲ್ಲಬೇಕು.

ಚಹಾ ಜೊತೆ ಖಾರ ಮಂಡಕ್ಕಿ ಇರುತ್ತದೆ, ದಾವಣಗೆರೆಯಲ್ಲಿ ಇರದೆ ಹೋದೀತೇ. ಆದರೆ ಪೇಪರಿನ ಪೊಟ್ಟಣದಲ್ಲಿ ಬೇಡ. ‘ಟೆನ್’ನ ಮೌನದಲ್ಲಿ ಒಂದು ಪೊಟ್ಟಣ ಬಿಚ್ಚಿದರೆ ನಲವತ್ತು ತಲೆ ತಿರುಗುತ್ತವೆ. ವಿರಾಮದಲ್ಲಿ ತಟ್ಟೆಯಲ್ಲಿ ಕೊಟ್ಟು ಮುಗಿಸಿ.

ಕರೆಂಟು ಹೋದರೆ? ಸೇವೆಯಲ್ಲಿ ಯುಪಿಎಸ್ ಇಲ್ಲ, ಇದು ದೊಡ್ಡ ಕೊರತೆ. ಭವನದ ಜನರೇಟರ್ ಎದ್ದು ನಿಲ್ಲಲು ಕೆಲವು ಸೆಕೆಂಡು ಸಾಕು, ಆದರೆ ಬಿಸಿ ಲ್ಯಾಂಪ್ ತಣಿಯದೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಐದು ನಿಮಿಷ ಕತ್ತಲು, ಜೊತೆಗೆ ಹಾಗೆ ಒಮ್ಮೆಲೆ ಆರುವುದು ಲ್ಯಾಂಪಿಗೂ ಕೆಡುಕು. ಪ್ರೊಜೆಕ್ಟರ್ ಒಂದಕ್ಕೇ ಎಂದು 1 ಕೆವಿಎ ಯುಪಿಎಸ್ ಎಲ್ಲಿಂದಾದರೂ ತಂದಿಡಿ. ಸ್ಪೀಕರನ್ನು ಅದಕ್ಕೆ ಸೇರಿಸಬೇಡಿ.

‘ಯಾವ ಪಿಚ್ಚರ್ ಬೇಕು ಹೇಳ್ರಿ, ನಾವೇ ಪೆನ್‌ಡ್ರೈವ್‌ನಾಗ ಹಾಕ್ಕೊಡ್ತೀವಿ’ ಎಂಬ ಉಚಿತ ಕೊಡುಗೆಯನ್ನು ಮಾತ್ರ ಒಪ್ಪಬಾರದು. ಟಿಕೆಟ್ ಇಲ್ಲದ ಪ್ರದರ್ಶನಕ್ಕೂ ಹಕ್ಕುದಾರರ ಲಿಖಿತ ಅನುಮತಿ ಬೇಕು. ಅದನ್ನು ವಿತರಕರಿಗೆ ಮೇಲ್ ಮಾಡಿ ಸಂಘವೇ ಪಡೆಯಬೇಕು, ಒಂದು ತಿಂಗಳು ಮೊದಲೇ ಶುರು ಮಾಡಬೇಕು. ಇನ್ನೊಂದು ಕಾರಣ ಗುಣಮಟ್ಟದ್ದು. ಅಂಗಡಿಯ ಪ್ರತಿಯಲ್ಲಿ ಅಂಚು ಕತ್ತರಿಸಿ, ಮೂಲೆಯಲ್ಲಿ ಯಾವುದೋ ಚಾನೆಲ್ಲಿನ ಲೋಗೊ ಕೂತಿತ್ತು.

ಮುಂದಿನ ಸರದಿಗೆ ಮರ್ಯಮ್ ಮೊಘದ್ದಮ್ ಮತ್ತು ಬೆಹ್ತಾಶ್ ಸನಾಈಹಾ ಅವರ ‘ಮೈ ಫೇವರಿಟ್ ಕೇಕ್’ (2024) ಯೋಚಿಸುವವರಿಗೆ: ಎಪ್ಪತ್ತರ ವಿಧವೆ ಮಹೀನ್ ತನ್ನ ಮನೆಯೊಳಗೆ ಮುಸುಕಿಲ್ಲದೆ ಓಡಾಡುತ್ತಾಳೆ. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರಿಂದ ಬರ್ಲಿನ್ ಉತ್ಸವಕ್ಕೆ ನಿರ್ದೇಶಕರೇ ಹೋಗಲಾಗಲಿಲ್ಲ. ಮೊದಲ ನಾಲ್ಕು ಚಿತ್ರ ನೋಡಿದ ಕಣ್ಣಿಗೆ ಆ ಬಿಚ್ಚುಗೂದಲು ಬೇರೆಯೇ ಕಾಣುತ್ತದೆ. ರಾತ್ರಿಯ ಮನೆಯೊಳಗಿನ ದೃಶ್ಯಗಳೇ ಬಹಳ, ಹಾಗಾಗಿ ಈ ಪ್ರೊಜೆಕ್ಟರಿಗೆ ಸಂಜೆ ಏಳರ ನಂತರವೇ ಹಾಕಿ.

ಪರದೆ ಚೊಕ್ಕಟ, ಮಡಿಕೆಯಿಲ್ಲ. ಹೇಳಿದ ಹೊತ್ತಿಗೆ ಬರುತ್ತಾರೆ. ಹುಡುಗ ಹೇಳಿದ್ದನ್ನು ಕೇಳುತ್ತಾನೆ, ಮೂರನೆಯ ವಾರ ಕೇಳುವ ಮುನ್ನವೇ ಬಾಸ್ ಇಳಿಸಿದ್ದ. ಬುಕ್ ಮಾಡುವಾಗ ಅವನನ್ನೇ ಕಳಿಸಿ ಎಂದು ಹೇಳಿ, ಎರಡರ ಪ್ರದರ್ಶನಕ್ಕೆ ಹನ್ನೆರಡೂವರೆಗೇ ಬರಲು ತಿಳಿಸಿ, ಲಗ್ನದ ಸೀಸನ್ನಿನ ಶನಿವಾರಗಳನ್ನು ಬಿಟ್ಟುಬಿಡಿ.